ಪೆಡಸು ಎಲ್ಲಿ, ಮೃದು ಎಲ್ಲಿ: ವೇಗದ ಗುಂಪು ಸವಾರಿಗೆ ಸೈಕಲ್ ಆಯ್ಕೆಯ ವಿಚಾರ

ವೇಗದ ಗುಂಪು ಸವಾರಿಗೆಂದು ರೋಡ್ ಬೈಕ್ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕೇಳಿಬರುವ ಹೊಗಳಿಕೆಯ ಮಾತು ‘ಸ್ಟಿಫ್’ ಎಂಬುದು. ಫ್ರೇಮ್ ಪೆಡಸಾಗಿದ್ದಷ್ಟೂ ತುಳಿದ ಬಲ ಪೋಲಾಗದೆ ಹಿಂದಿನ ಚಕ್ರಕ್ಕೆ ತಲುಪುತ್ತದೆ, ಹಾಗೆ ತಲುಪುವುದರಿಂದ ಸೈಕಲ್ ತಕ್ಷಣ ಸ್ಪಂದಿಸುತ್ತದೆ, ಹಾಗೆ ಸ್ಪಂದಿಸುವುದರಿಂದ ಸವಾರ ಗುಂಪಿನಿಂದ ಹಿಂದೆ ಬೀಳುವುದಿಲ್ಲ ಎಂಬ ಮೂರು ಕೊಂಡಿಗಳ ತರ್ಕ ಈ ಒಂದು ಪದದ ಹಿಂದೆ ಅಡಗಿದೆ. ಈ ಕೊಂಡಿಗಳಲ್ಲಿ ಮೊದಲನೆಯದು ಲೆಕ್ಕಕ್ಕೆ ಬಾರದಷ್ಟು ಚಿಕ್ಕ ಸತ್ಯ, ಎರಡನೆಯದು ಬೇರೆಯೇ ಕಾರಣಗಳಿಂದ ಸತ್ಯ, ಮೂರನೆಯದು ಬಹುಮಟ್ಟಿಗೆ ತಪ್ಪು ಎಂಬುದನ್ನು ತೋರಿಸಿ, ಸೈಕಲ್ಲಿನ ಯಾವ ಭಾಗ ಪೆಡಸಾಗಿರಬೇಕು, ಯಾವ ಭಾಗ ಮೃದುವಾಗಿರಬೇಕು ಎಂಬುದನ್ನು ವಿಂಗಡಿಸುವುದು ಈ ಲೇಖನದ ಉದ್ದೇಶ.

ಮೊದಲು ಸವಾರಿಯ ಸ್ವರೂಪವನ್ನು ಗುರುತಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ವಾರಾಂತ್ಯದ ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯತ್ತ, ಅಲ್ಲಿಂದ ನಂದಿಬೆಟ್ಟದತ್ತ ಸಾಗುವ ಗುಂಪುಗಳು ಇದಕ್ಕೆ ಒಳ್ಳೆಯ ನಿದರ್ಶನ. ಎಂಟು ಹತ್ತು ಸವಾರರು ಒಬ್ಬರ ಹಿಂದೊಬ್ಬರು, ಮುಂದಿನವರ ಹಿಂಚಕ್ರಕ್ಕೂ ತಮ್ಮ ಮುಂಚಕ್ರಕ್ಕೂ ನಡುವೆ ಅರ್ಧ ಮೀಟರಿನಷ್ಟೇ ಅಂತರ ಉಳಿಸಿಕೊಂಡು, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35ರಿಂದ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾರೆ. ಸರದಿಯ ಪ್ರಕಾರ ಒಬ್ಬೊಬ್ಬರೂ ಮುಂದೆ ಬಂದು ಗಾಳಿಗೆ ಎದೆಯೊಡ್ಡಿ, ಅನಂತರ ಪಕ್ಕಕ್ಕೆ ಸರಿದು ಸಾಲಿನ ಕೊನೆ ಸೇರುತ್ತಾರೆ. ಮುಂದಿನವರ ಬೆನ್ನ ಮರೆಯಲ್ಲಿ ಗಾಳಿಯ ತಡೆ ತಪ್ಪಿಸಿಕೊಳ್ಳುವ ಈ ಕ್ರಮಕ್ಕೆ ಸವಾರರು ಡ್ರಾಫ್ಟಿಂಗ್ ಎನ್ನುತ್ತಾರೆ. ಇದು ಸ್ಪರ್ಧೆಯಲ್ಲದಿದ್ದರೂ ಸ್ಪರ್ಧೆಯ ವೇಗವನ್ನೂ ಶಿಸ್ತನ್ನೂ ಬೇಡುತ್ತದೆ. ಹಾಗೆಯೇ ಸ್ಪರ್ಧೆಯಲ್ಲಿ ಅಷ್ಟಾಗಿ ಇಲ್ಲದ ಹಂಪ್‌ಗಳು, ರಂಬಲ್ ಪಟ್ಟಿಗಳು, ರಸ್ತೆಗುಂಡಿಗಳು, ಎದುರಿನಿಂದ ಬರುವ ವಾಹನಗಳು ಇದರಲ್ಲಿ ಸದಾ ಇರುತ್ತವೆ. ಆದ್ದರಿಂದ ಮುಚ್ಚಿದ ರಸ್ತೆಗಳಲ್ಲಿ ಓಡುವ ವೃತ್ತಿಪರರ ಸೈಕಲ್ಲು ಈ ಸವಾರಿಗೂ ಅತ್ಯುತ್ತಮವೆಂದು ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳಲಾಗದು.

ಪೆಡಸುತನವೆಂದರೆ ಬಲ ಬಿದ್ದಾಗ ಒಂದು ವಸ್ತು ಬಾಗುವುದಕ್ಕೆ ಒಡ್ಡುವ ಪ್ರತಿರೋಧ. ಇದನ್ನು ಗಟ್ಟಿತನದೊಂದಿಗೆ ಬೆರೆಸಬಾರದು, ಏಕೆಂದರೆ ಗಟ್ಟಿತನ ಹೇಳುವುದು ವಸ್ತು ಎಷ್ಟು ಬಲಕ್ಕೆ ಮುರಿಯುತ್ತದೆ ಎಂಬುದನ್ನು. ಗಾಜಿನ ಕಡ್ಡಿ ಬಾಗದೆ ಮುರಿಯುತ್ತದೆ, ಬಿದಿರು ಮುರಿಯದೆ ಬಾಗುತ್ತದೆ. ಫ್ರೇಮಿನ ವಿಷಯದಲ್ಲಿ ಮೂರು ಬಗೆಯ ಪೆಡಸುತನಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ. ಪೆಡಲುಗಳ ಅಚ್ಚು ಕೂರುವ ಬಾಟಮ್ ಬ್ರ್ಯಾಕೆಟ್ ಎಂಬ ಭಾಗ, ತುಳಿದಾಗ ಎಡಬಲಕ್ಕೆ ವಾಲದಂತೆ ತಡೆಯುವುದು ಮೊದಲನೆಯದು. ಹ್ಯಾಂಡಲ್ ಮತ್ತು ಫೋರ್ಕ್ ಸೇರುವ ಹೆಡ್ ಟ್ಯೂಬ್, ಹಿಂದಿನ ಚಕ್ರದ ಸಮತಲಕ್ಕೆ ಹೋಲಿಸಿದಾಗ ತಿರುಚಿಕೊಳ್ಳದಂತೆ ತಡೆಯುವುದು ಎರಡನೆಯದು. ರಸ್ತೆಯ ಏರುಪೇರಿನಿಂದ ಮೇಲೆ ಕೆಳಗೆ ಬರುವ ಬಲಕ್ಕೆ ಫ್ರೇಮ್ ಎಷ್ಟು ಮಣಿಯುತ್ತದೆ ಎಂಬುದು ಮೂರನೆಯದು. ಅಂಗಡಿಯ ‘ಸ್ಟಿಫ್’ ಎಂಬ ಒಂದೇ ಪದ ಈ ಮೂರನ್ನೂ ಒಟ್ಟಿಗೆ ಕಟ್ಟಿಬಿಡುತ್ತದೆ. ಗೊಂದಲ ಶುರುವಾಗುವುದು ಅಲ್ಲಿಂದ.

ಪೆಡಸುತನ ಲೋಹದಿಂದಲೇ ಬರುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವಸ್ತುವೊಂದರ ಸಹಜ ಪೆಡಸನ್ನು ಹೇಳುವ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಮ್ಮಿಗೆ ಸುಮಾರು 110, ಅಲ್ಯೂಮಿನಿಯಮ್ಮಿಗೆ ಸುಮಾರು 70. ಅವುಗಳ ಸಾಂದ್ರತೆ ಅದೇ ಕ್ರಮದಲ್ಲಿ ನೀರಿನ 7.8, 4.5 ಮತ್ತು 2.7 ಪಟ್ಟು. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಮೂರು ಲೋಹಗಳಿಗೂ 25ರ ಆಸುಪಾಸಿನ ಉತ್ತರವೇ ಬರುತ್ತದೆ. ಅಂದರೆ ತೂಕಕ್ಕೆ ತಕ್ಕ ಪೆಡಸಿನಲ್ಲಿ ಮೂರೂ ಸರಿಸುಮಾರು ಸಮ. ವ್ಯತ್ಯಾಸ ಹುಟ್ಟುವುದು ಕೊಳವೆಯ ಆಕಾರದಲ್ಲಿ. ತೆಳುಗೋಡೆಯ ಕೊಳವೆಯೊಂದರ ಪೆಡಸು ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ: ಗೋಡೆಯ ದಪ್ಪ ಹಾಗೇ ಇಟ್ಟು ವ್ಯಾಸವನ್ನು ಇಮ್ಮಡಿಗೊಳಿಸಿದರೆ ತೂಕ ಎರಡು ಪಟ್ಟಾಗುತ್ತದೆ, ಪೆಡಸು ಎಂಟು ಪಟ್ಟಾಗುತ್ತದೆ, ಗೋಡೆಯನ್ನು ಅರ್ಧಕ್ಕೆ ತೆಳುವಾಗಿಸಿ ತೂಕವನ್ನು ಮೊದಲಿನಷ್ಟೇ ಉಳಿಸಿಕೊಂಡರೂ ಪೆಡಸು ನಾಲ್ಕು ಪಟ್ಟಾಗುತ್ತದೆ. ಉಕ್ಕಿನಲ್ಲಿ ಗೋಡೆಯನ್ನು ಅಷ್ಟು ತೆಳುವಾಗಿಸಿದರೆ ಅದು ಡಬ್ಬಿಯ ತಗಡಿನಂತೆ ಸುಲಭವಾಗಿ ಕುಸಿಯುತ್ತದೆ. ಹಗುರವಾದ ಅಲ್ಯೂಮಿನಿಯಮ್ಮಿನಲ್ಲಿ ದಪ್ಪ ವ್ಯಾಸ ಮತ್ತು ಸಾಕಷ್ಟು ಗೋಡೆ ಎರಡನ್ನೂ ಇಟ್ಟುಕೊಳ್ಳಬಹುದು. 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಕ್ಲೈನ್, 1983ರಿಂದ ಕ್ಯಾನಂಡೇಲ್ ಕಂಪನಿ ದಪ್ಪ ಕೊಳವೆಯ ಅಲ್ಯೂಮಿನಿಯಂ ಸೈಕಲ್ಲುಗಳನ್ನು ತಂದದ್ದು ಈ ಲೆಕ್ಕದ ಬಲದಿಂದಲೇ. ಕಾರ್ಬನ್ ಫೈಬರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅದರ ಎಳೆಗಳು ತಾವು ಹಾಸಿಕೊಂಡ ದಿಕ್ಕಿನಲ್ಲಿ ಮಾತ್ರ ಪೆಡಸಾಗಿರುವುದರಿಂದ, ತಿರುಚನ್ನು ತಡೆಯಬೇಕಾದ ಕಡೆ ಓರೆಯಾಗಿ, ಬಾಗನ್ನು ತಡೆಯಬೇಕಾದ ಕಡೆ ಉದ್ದುದ್ದವಾಗಿ ಪದರ ಪದರವಾಗಿ ಹಾಸಿ, ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟು ಪೆಡಸನ್ನು ಕೂರಿಸುವ ಸ್ವಾತಂತ್ರ್ಯ ವಿನ್ಯಾಸಕಾರನಿಗೆ ದೊರೆಯಿತು. 1986ರಲ್ಲಿ ಗ್ರೆಗ್ ಲೆಮಾಂಡ್ ಕಾರ್ಬನ್ ಫ್ರೇಮಿನ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದ ಅನಂತರ ಈ ದಾರಿ ಹೆದ್ದಾರಿಯಾಯಿತು.

ಇಷ್ಟು ಶ್ರಮದಿಂದ ಗಳಿಸಿದ ಪೆಡಸು ಸವಾರನ ಎಷ್ಟು ಶಕ್ತಿಯನ್ನು ಉಳಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಜರ್ಮನಿಯ ‘ಟೂರ್’ ಪತ್ರಿಕೆ ಬಹುಕಾಲದಿಂದ ಮಾಡಿಕೊಂಡು ಬಂದಿರುವಂತೆ, ಬಾಟಮ್ ಬ್ರ್ಯಾಕೆಟ್ಟಿನ ಪೆಡಸನ್ನು ಒಂದು ಮಿಲಿಮೀಟರ್ ವಾಲಿಸಲು ಎಷ್ಟು ನ್ಯೂಟನ್ ಬಲ ಬೇಕೆಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಪೆಡಸು ಫ್ರೇಮಿಗೆ ಈ ಅಳತೆ 60, ಮೃದುವಾದ ಇನ್ನೊಂದಕ್ಕೆ 40 ಎಂದು ಇಟ್ಟುಕೊಳ್ಳೋಣ. 250 ವ್ಯಾಟ್ ಶಕ್ತಿಯಿಂದ ನಿಮಿಷಕ್ಕೆ 90 ಸುತ್ತು ತುಳಿಯುವ ಸವಾರ ಪ್ರತಿ ತುಳಿತದ ಉತ್ತುಂಗದಲ್ಲಿ ಪೆಡಲಿನ ಮೇಲೆ ಹಾಕುವ ಬಲ ಸುಮಾರು 300 ನ್ಯೂಟನ್. ಆಗ ಪೆಡಸು ಫ್ರೇಮ್ 5 ಮಿಲಿಮೀಟರ್ ವಾಲಿ 0.75 ಜೂಲ್ ಶಕ್ತಿಯನ್ನು ಸ್ಪ್ರಿಂಗಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೃದು ಫ್ರೇಮ್ 7.5 ಮಿಲಿಮೀಟರ್ ವಾಲಿ ಸುಮಾರು 1.1 ಜೂಲ್ ಹಿಡಿದಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ ಮೂರು ತುಳಿತಗಳಾಗುವುದರಿಂದ ಮೊದಲನೆಯದರಲ್ಲಿ ಹೀಗೆ ಸಿಕ್ಕಿಕೊಳ್ಳುವುದು 2.25 ವ್ಯಾಟ್, ಎರಡನೆಯದರಲ್ಲಿ ಸುಮಾರು 3.4 ವ್ಯಾಟ್. ಬಾಗಿದ ಲೋಹವಾಗಲಿ ಕಾರ್ಬನ್ನಾಗಲಿ ಹಿಡಿದಿಟ್ಟ ಶಕ್ತಿಯನ್ನು ಬಹುಪಾಲು ಹಿಂದಿರುಗಿಸುತ್ತದೆ, ಹಿಂದಿರುಗಿದ್ದರಲ್ಲಿ ಒಂದು ಭಾಗ ಚೈನಿನ ಮೂಲಕ ಮುಂದಕ್ಕೇ ಹರಿಯುತ್ತದೆ. ಹಾಗಲ್ಲದೆ ಅಷ್ಟೂ ಶಕ್ತಿ ಬಿಸಿಯಾಗಿ ಹಾಳಾಯಿತೆಂದೇ ಭಾವಿಸಿದರೂ, ಎರಡು ಫ್ರೇಮುಗಳ ನಡುವಣ ಅಂತರ 250 ವ್ಯಾಟಿನಲ್ಲಿ ಒಂದು ವ್ಯಾಟಿಗಿಂತ ತುಸು ಹೆಚ್ಚು ಅಷ್ಟೆ. ಸಾವಿರ ವ್ಯಾಟಿನ ಅಂತಿಮ ಓಟದಲ್ಲಿ ಮಾತ್ರ ಪೆಡಲಿನ ಬಲ ಮೂರು ಪಟ್ಟಿಗೂ ಮೀರಿ ಏರುವುದರಿಂದ, ಅದೇ ಕಟುವಾದ ಲೆಕ್ಕದಲ್ಲಿ ಈ ಅಂತರ 15 ವ್ಯಾಟ್‌ವರೆಗೆ ಹೋಗಬಹುದು. ಭಾರವಾದ ಮೈಕಟ್ಟಿನ, ಜೋರಾಗಿ ಸ್ಪ್ರಿಂಟ್ ಮಾಡುವ ಸವಾರ ಪೆಡಸನ್ನು ಹೆಚ್ಚು ಬಯಸುವುದಕ್ಕೆ ಇಷ್ಟರಮಟ್ಟಿಗೆ ಆಧಾರವಿದೆ, ಉಳಿದವರಿಗೆ ಇಲ್ಲ.

ಇತಿಹಾಸವೂ ಈ ಲೆಕ್ಕಕ್ಕೆ ಸಾಕ್ಷಿ ನುಡಿಯುತ್ತದೆ. ಫ್ರಾನ್ಸಿನ ವಿಟಸ್ 979 ಎಂಬ ಫ್ರೇಮ್ ತೆಳುವ್ಯಾಸದ ಅಲ್ಯೂಮಿನಿಯಂ ಕೊಳವೆಗಳನ್ನು ಅಂಟಿನಿಂದ ಜೋಡಿಸಿ ಮಾಡಿದ್ದು. ಮೇಲೆ ಹೇಳಿದ ಘನದ ನಿಯಮವನ್ನು ಗಮನಿಸಿದರೆ ಅದು ಬಳುಕುವ ಫ್ರೇಮ್ ಆಗಿರಲೇಬೇಕಿತ್ತು, ಆಗಿಯೂ ಇತ್ತು, ಆ ಹೆಸರನ್ನೇ ಪಡೆದಿತ್ತು. ಐರ್ಲೆಂಡಿನ ಶಾನ್ ಕೆಲ್ಲಿ 1980ರ ದಶಕದ ತನ್ನ ಅನೇಕ ಗೆಲುವುಗಳನ್ನು ಪಡೆದದ್ದು ಈ ಫ್ರೇಮಿನ ಮೇಲೆ. ಕೆಲ್ಲಿ ಹಗುರ ಮೈಯ ಬೆಟ್ಟದ ಸವಾರನಲ್ಲ. ಟೂರ್ ಡಿ ಫ್ರಾನ್ಸಿನಲ್ಲಿ ನಾಲ್ಕು ಬಾರಿ ಅಂಕಗಳ ಸ್ಪರ್ಧೆಯ ಹಸಿರು ಜೆರ್ಸಿ, 1984 ಮತ್ತು 1986ರಲ್ಲಿ ಕಲ್ಲುಹಾಸಿನ ರಸ್ತೆಯ ಪ್ಯಾರಿಸ್–ರೂಬೆ ಗೆದ್ದ, ಕಾಲಿನಲ್ಲಿ ಅಪಾರ ಕಸುವಿದ್ದ ಸ್ಪ್ರಿಂಟರ್. ಬಳುಕುವ ಫ್ರೇಮ್ ಶಕ್ತಿಯನ್ನು ನುಂಗುತ್ತದೆಂಬುದು ನಿಜವಾಗಿದ್ದರೆ ಅದರ ಬೆಲೆಯನ್ನು ಎಲ್ಲರಿಗಿಂತ ಮೊದಲು ತೆರಬೇಕಾಗಿದ್ದವನು ಅವನೇ. ಇನ್ನು ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ, ಸವಾರನ ತುಳಿತದ ಲಯಕ್ಕೆ ಹೊಂದುವಷ್ಟು ಬಳುಕುವ ಫ್ರೇಮ್ ಪೆಡಸಾದದ್ದಕ್ಕಿಂತ ಚೆನ್ನಾಗಿ ಓಡುತ್ತದೆಂದು ವಾದಿಸುತ್ತ ಬಂದಿದ್ದಾರೆ. ಆ ವಾದ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಒಪ್ಪಬೇಕಾದ ಅಗತ್ಯವೂ ಇಲ್ಲಿಲ್ಲ. ಪೆಡಸು ಹೆಚ್ಚಿದಂತೆಲ್ಲ ವೇಗವೂ ಹೆಚ್ಚುತ್ತದೆಂಬ ನಂಬಿಕೆಗೆ ಬುಡ ಗಟ್ಟಿಯಿಲ್ಲ ಎಂದು ಕಂಡುಕೊಂಡರೆ ಸಾಕು.

ಹಾಗಾದರೆ ಸವಾರನ ಶಕ್ತಿ ಎಲ್ಲಿಗೆ ಹೋಗುತ್ತದೆ? ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾದ್ದರಿಂದ, 18 ಕಿಲೋಮೀಟರ್ ವೇಗದಲ್ಲಿ ಬೇಕಾದುದರ ಎಂಟು ಪಟ್ಟು ಶಕ್ತಿ 36ರಲ್ಲಿ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಅದನ್ನು ಲೆಕ್ಕಕ್ಕೆ ಹಿಡಿದರೂ, ಹ್ಯಾಂಡಲಿನ ಮೇಲ್ಭಾಗ ಹಿಡಿದು ಕುಳಿತ ಸಾಮಾನ್ಯ ಗಾತ್ರದ ಸವಾರನಿಗೆ ಈ ವೇಗದಲ್ಲಿ ಗಾಳಿಯೊಂದಕ್ಕೇ 190 ವ್ಯಾಟಿನಷ್ಟು ಬೇಕಾಗುತ್ತದೆ. ಅವನು ಮೊಣಕೈ ಮಡಿಸಿ, ಹ್ಯಾಂಡಲಿನ ಕೆಳಬಾಗನ್ನು ಹಿಡಿದು ಬೆನ್ನನ್ನು ತಗ್ಗಿಸಿದರೆ ಇದು 20 ವ್ಯಾಟಿನಷ್ಟು ಇಳಿಯುತ್ತದೆ. ಇನ್ನೊಬ್ಬರ ಹಿಂದೆ ಸರಿಯಾದ ಅಂತರದಲ್ಲಿ ಸೇರಿಕೊಂಡರೆ ಉಳಿಯುವುದು 50 ವ್ಯಾಟಿಗೂ ಹೆಚ್ಚು. ದೊಡ್ಡ ಗುಂಪಿನ ಒಳಗಂತೂ ಈ ಉಳಿತಾಯ ಊಹೆಗೂ ಮೀರಿದ್ದು: ಸಂಶೋಧಕ ಬೆರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಪಿನ ನಡು ಮತ್ತು ಹಿಂಭಾಗದ ಕೆಲವು ಸ್ಥಾನಗಳಲ್ಲಿ ಗಾಳಿಯ ತಡೆ ಒಂಟಿ ಸವಾರನದರ ಶೇಕಡ 5ರಿಂದ 10ರಷ್ಟಕ್ಕೆ ಇಳಿಯುತ್ತದೆ. ಟೈರಿನ ವಿಷಯವೂ ಹೀಗೆಯೇ. ಸೈಕಲ್ ಸೇರಿ 80 ಕಿಲೋ ತೂಗುವ ಸವಾರನಿಗೆ, ಸಾಧಾರಣ ಟೈರಿಗೂ ಸಲೀಸಾಗಿ ಉರುಳುವ ಒಳ್ಳೆಯ ಟೈರಿಗೂ ಈ ವೇಗದಲ್ಲಿ 15 ವ್ಯಾಟಿನಷ್ಟು ವ್ಯತ್ಯಾಸ ಬರಬಹುದು. ಗುಂಪಿನ ಬೆನ್ನ ಮರೆ 50, ಮೈಯ ಭಂಗಿ 20, ಟೈರು 15, ಫ್ರೇಮಿನ ಪೆಡಸು 1 ಎಂಬ ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡವರು ಹಣವನ್ನೂ ಗಮನವನ್ನೂ ಎಲ್ಲಿ ಹೂಡಬೇಕೆಂದು ಬೇರೆಯವರನ್ನು ಕೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪೆಡಸು ಸೈಕಲ್ ಏರಿದವರು ಅದರ ಚುರುಕನ್ನು ಮೈಯಲ್ಲೇ ಅನುಭವಿಸುತ್ತಾರೆ. ಇಷ್ಟು ಜನರ ಅನುಭವ ಸುಳ್ಳಾಗಲು ಸಾಧ್ಯವೇ? ಅನುಭವ ಸುಳ್ಳಲ್ಲ, ಅದಕ್ಕೆ ಕೊಡುವ ವ್ಯಾಖ್ಯಾನದಲ್ಲಿ ದೋಷವಿದೆ. ರಸ್ತೆಯ ಸಣ್ಣ ನಡುಕಗಳು ಕೈಗೂ ಸೀಟಿಗೂ ನೇರವಾಗಿ ತಲುಪಿದಾಗ ಮನಸ್ಸು ಅದನ್ನು ವೇಗವೆಂದು ಓದಿಕೊಳ್ಳುತ್ತದೆ. ವೃತ್ತಿಪರರೂ ದಶಕಗಳ ಕಾಲ 23 ಮಿಲಿಮೀಟರ್ ಅಗಲದ ಟೈರಿಗೆ ಚದರ ಅಂಗುಲಕ್ಕೆ 110, 120 ಪೌಂಡ್ ಗಾಳಿ ತುಂಬಿ ಓಡಿಸಿದ್ದು ಇದೇ ಭ್ರಮೆಯಿಂದ. ಅಳತೆಗಳು ಬಂದ ಮೇಲೆ ಅವರೇ 28 ಮಿಲಿಮೀಟರಿಗೂ ಅದಕ್ಕಿಂತ ಅಗಲದ್ದಕ್ಕೂ ಬದಲಾದರು. ಆದರೆ ಆ ಚುರುಕಿನ ಅನುಭವದಲ್ಲಿ ಭ್ರಮೆಯಲ್ಲದ ಒಂದು ಅಂಶವೂ ಇದೆ, ಗುಂಪು ಸವಾರಿಗೆ ಅತಿ ಮುಖ್ಯವಾದದ್ದೂ ಅದೇ. ಸೈಕಲ್ ಎಷ್ಟು ಬೇಗ ಓಡುತ್ತದೆ ಎಂಬುದಕ್ಕಿಂತ ಹೇಳಿದ ಮಾತನ್ನು ಎಷ್ಟು ನಿಖರವಾಗಿ ಕೇಳುತ್ತದೆ ಎಂಬುದರಲ್ಲಿ ಅದು ಇದೆ.

ರಸ್ತೆಯ ಮೇಲೆ ದಿನವೂ ನಡೆಯುವ ಒಂದು ಸಂದರ್ಭವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. 36 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಸಾಲಿನ ಮುಂದೆ ಬಣ್ಣ ಮಾಸಿದ ಹಂಪ್ ಕಾಣಿಸುತ್ತದೆ. ಮೊದಲ ಸವಾರ ಕೈಯೆತ್ತಿ ಕೂಗುತ್ತಾನೆ, ಕೂಗು ಸಾಲಿನುದ್ದಕ್ಕೂ ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಬೆರಳುಗಳು ಬ್ರೇಕಿನ ಮೇಲೆ ಹಗುರವಾಗಿ ಕೂರುತ್ತವೆ, ವೇಗ 27ಕ್ಕೆ ಇಳಿಯುತ್ತದೆ, ಸೈಕಲ್ಲುಗಳು ಒಂದೊಂದಾಗಿ ಉಬ್ಬು ದಾಟುತ್ತವೆ. ಆದರೆ ಕೊನೆಯವನು ಉಬ್ಬು ದಾಟುವ ಹೊತ್ತಿಗೆ ಮೊದಲಿನವನು ಮತ್ತೆ 36ಕ್ಕೆ ಏರಿಯಾಗಿರುತ್ತದೆ, ನಡುವೆ ಹಲವು ಮೀಟರ್ ಅಂತರ ತೆರೆದುಕೊಂಡಿರುತ್ತದೆ. ಒಟ್ಟು 80 ಕಿಲೋ ತೂಕವನ್ನು 27ರಿಂದ 36ಕ್ಕೆ ಏರಿಸಲು ಬೇಕಾದ ಚಲನಶಕ್ತಿ 1,750 ಜೂಲ್. ಆರು ಸೆಕೆಂಡಿನಲ್ಲಿ ಅದನ್ನು ಒದಗಿಸಲು, ಗಾಳಿಗೂ ಟೈರಿಗೂ ಕೊಡಬೇಕಾದುದರ ಮೇಲೆ 290 ವ್ಯಾಟ್ ಬೇಕು. ಸೈಕಲ್ ಒಂದು ಕಿಲೋ ಹಗುರವಾಗಿದ್ದರೆ ಇದರಲ್ಲಿ ಉಳಿಯುವುದು 22 ಜೂಲ್, ಅಂದರೆ ನೂರಕ್ಕೆ ಒಂದೂಕಾಲು ಪಾಲು ಮಾತ್ರ. ಆದರೆ ಬ್ರೇಕನ್ನು ಬೇಕಾದಷ್ಟೇ ಒತ್ತಿ, ಸಾಲಿನಿಂದ ಆಚೀಚೆ ಸರಿಯದೆ, ವೇಗವನ್ನು 27ರ ಬದಲು 30ಕ್ಕೇ ನಿಲ್ಲಿಸಿಕೊಂಡು ಉಬ್ಬು ದಾಟಬಲ್ಲ ಸವಾರನಿಗೆ ಮತ್ತೆ ಗಳಿಸಬೇಕಾದದ್ದು ಸುಮಾರು 1,220 ಜೂಲ್ ಮಾತ್ರ. ಹತ್ತರಲ್ಲಿ ಮೂರು ಭಾಗದಷ್ಟು ಶ್ರಮ ಹುಟ್ಟುವ ಮೊದಲೇ ತಪ್ಪಿತು. ಗುಂಪಿನಿಂದ ಹಿಂದೆ ಬೀಳದಂತೆ ಕಾಯುವುದು ಈ ಹಿಡಿತ. ಸ್ಪಂದನಶೀಲ ಸೈಕಲ್ ಎಂಬ ಮಾತಿಗೆ ಗುಂಪು ಸವಾರಿಯಲ್ಲಿ ಇರುವ ನಿಜವಾದ ಅರ್ಥವೂ ಇದೇ: ಕೈ ಹೇಳಿದ್ದನ್ನು, ಹೇಳಿದಷ್ಟನ್ನೇ, ಪ್ರತಿ ಸಾರಿಯೂ ಒಂದೇ ರೀತಿ ಮಾಡುವ ಸೈಕಲ್.

ಈ ಅರ್ಥದ ಸ್ಪಂದನಕ್ಕೆ ಎರಡನೆಯ ಬಗೆಯ ಪೆಡಸು, ಅಂದರೆ ಹೆಡ್ ಟ್ಯೂಬ್, ಫೋರ್ಕ್ ಮತ್ತು ಮುಂಚಕ್ರದ ಪೆಡಸು, ನಿಜಕ್ಕೂ ಬೇಕು. ನಂದಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರಕ್ಕಿದ್ದು, ಅಲ್ಲಿಂದ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ತಿರುವಿಗೆ ವಾಲಬೇಕಾಗುತ್ತದೆ. ಆಗ ಫೋರ್ಕ್ ತಿರುಚಿಕೊಂಡರೆ ಚಕ್ರ ಸಾಗುವ ದಾರಿ ಕೈ ತೋರಿದ ದಾರಿಗಿಂತ ಬೇರೆಯಾಗುತ್ತದೆ. ಇಳಿಜಾರಿನ ವೇಗದಲ್ಲಿ ಹ್ಯಾಂಡಲ್ ತಾನಾಗಿ ಎಡಬಲಕ್ಕೆ ಕಂಪಿಸತೊಡಗುವ, ಸವಾರರು ಸ್ಪೀಡ್ ವಾಬಲ್ ಎನ್ನುವ ಅಪಾಯದಲ್ಲೂ ಮುಂಭಾಗದ ತಿರುಚುವಿಕೆ ಒಂದು ಕಾರಣ. ಡಿಸ್ಕ್ ಬ್ರೇಕ್ ಮತ್ತು ಥ್ರೂ ಆಕ್ಸಲ್, ಅಂದರೆ ಫೋರ್ಕಿನ ಎರಡೂ ಕಾಲುಗಳನ್ನು ತೂರಿ ತಿರುಪಿನಿಂದ ಬಿಗಿಯುವ 12 ಮಿಲಿಮೀಟರ್ ದಪ್ಪದ ಅಚ್ಚು, ಬಂದ ಮೇಲೆ ಈ ಭಾಗದ ಪೆಡಸು ಸಾಧಾರಣ ಬೆಲೆಯ ಸೈಕಲ್ಲುಗಳಲ್ಲೂ ಸಾಕಷ್ಟು ಮಟ್ಟ ಮುಟ್ಟಿದೆ. ಆದರೂ ಸ್ಪಂದನವನ್ನು ಪೆಡಸಿಗಿಂತ ಹೆಚ್ಚಾಗಿ ನಿರ್ಧರಿಸುವುದು ಫ್ರೇಮಿನ ಕೋನ ಮತ್ತು ಅಳತೆಗಳು. ಹ್ಯಾಂಡಲ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿಗೂ, ಟೈರು ನೆಲ ಮುಟ್ಟುವ ಬಿಂದುವಿಗೂ ಇರುವ ದೂರಕ್ಕೆ ಟ್ರೇಲ್ ಎನ್ನುತ್ತಾರೆ. ರೋಡ್ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 55ರಿಂದ 60 ಮಿಲಿಮೀಟರಿನ ಸುತ್ತ ಇರುತ್ತದೆ. ಇದು ತೀರ ಕಡಿಮೆಯಾದರೆ ಸೈಕಲ್ ಚಂಚಲವಾಗುತ್ತದೆ, ಹೆಚ್ಚಾದರೆ ತಿರುಗಲು ಮೊಂಡಾಗುತ್ತದೆ. ಎರಡು ಅಚ್ಚುಗಳ ನಡುವಿನ ದೂರ ಒಂದು ಮೀಟರಿನ ಆಸುಪಾಸಿನಲ್ಲಿದ್ದು, ಅದರಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚಾದರೂ ಸ್ವಭಾವ ತುಸು ಶಾಂತವಾಗುತ್ತದೆ. ಹಿಂದೆ ಅರ್ಧ ಮೀಟರ್ ದೂರದಲ್ಲಿ ಮತ್ತೊಬ್ಬರ ಮುಂಚಕ್ರವಿರುವ ಸವಾರಿಯಲ್ಲಿ, ಬಾಟಲಿಗೆ ಕೈ ಹಾಕಿದಾಗ ಓಲಾಡದೆ ನೆಟ್ಟಗೆ ಸಾಗುವ ಸೈಕಲ್ಲು ಮುಳ್ಳಿನಂತೆ ಚುರುಕಾದ ಸೈಕಲ್ಲಿಗಿಂತ ಮೇಲು.

ಮೂರನೆಯ ಬಗೆಯದು, ಅಂದರೆ ಮೇಲೆ ಕೆಳಗಿನ ಪೆಡಸು, ಈ ಸವಾರಿಗೆ ಬೇಡವಾದದ್ದು. ಅಡ್ಡಕ್ಕೆ ಪೆಡಸು, ಮೇಲೆ ಕೆಳಕ್ಕೆ ಮೃದು ಎಂಬ ಜಾಹೀರಾತಿನ ಮಾತು ಪ್ರಸಿದ್ಧವಾಗಿದೆ. ಆದರೆ ಎರಡು ತ್ರಿಕೋನಗಳಿಂದ ಕಟ್ಟಿದ ಫ್ರೇಮ್ ತನ್ನ ಸಮತಲದಲ್ಲಿ ಮಣಿಯುವುದು ಬಹಳ ಕಡಿಮೆ. ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳಲ್ಲಿ ಹೆಚ್ಚು ಕುಗ್ಗುವುದು ಅತ್ಯಂತ ಮೃದುವಾದದ್ದೇ ಆದ್ದರಿಂದ, ರಸ್ತೆಯ ಹೊಡೆತವನ್ನು ತಾಳಿಕೊಳ್ಳುವ ಕೆಲಸ ಟೈರಿನ ಗಾಳಿಗೆ ಸೇರಿದ್ದು. ಅದರ ಅನಂತರದ ಪಾಲು ಸೀಟಿನ ಕಂಬಕ್ಕೆ. ಈ ಮೃದುತ್ವ ಸುಖಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಒರಟು ರಸ್ತೆಯಲ್ಲಿ ಗಡುಸು ಟೈರು ಸವಾರನ ಇಡೀ ಮೈಯನ್ನು ಕುಲುಕುತ್ತದೆ, ಕುಲುಕಿದ ಶಕ್ತಿ ಮಾಂಸಖಂಡಗಳಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ, ಆ ಶಕ್ತಿಯೂ ಅವನ ಕಾಲಿನಿಂದಲೇ ಬಂದದ್ದು. ಕರ್ನಾಟಕದ ರಸ್ತೆಗಳಲ್ಲಿ ವೇಗದ ಸವಾರಿ ಮಾಡುವವರಿಗೆ 28 ಮಿಲಿಮೀಟರ್ ಟೈರು ಕನಿಷ್ಠವೆನ್ನಬೇಕು, 30 ಅಥವಾ 32 ಕೂರಿಸಲು ಜಾಗವಿರುವ ಫ್ರೇಮ್ ಇನ್ನೂ ಒಳ್ಳೆಯದು. 28ರ ಟೈರಿನಲ್ಲಿ, ಸಾಮಾನ್ಯ ತೂಕದ ಸವಾರನಿಗೆ, ಚದರ ಅಂಗುಲಕ್ಕೆ 70 ಪೌಂಡಿನ ಆಸುಪಾಸಿನ ಗಾಳಿಯಿಂದ ಆರಂಭಿಸಿ ತನ್ನ ತೂಕಕ್ಕೂ ರಸ್ತೆಗೂ ಹೊಂದುವಂತೆ ಏರಿಳಿಸಿಕೊಳ್ಳಬಹುದು. ಕೈಕಾಲಿನ ಬಲ ಹಾದುಹೋಗುವ ದಾರಿಯಲ್ಲಿ ಪೆಡಸು, ರಸ್ತೆಯ ಬಲ ಹಾದುಬರುವ ದಾರಿಯಲ್ಲಿ ಮೃದು ಎಂಬುದನ್ನು ಈ ಇಡೀ ಚರ್ಚೆಯ ಸಾರವೆಂದು ತಿಳಿಯಬಹುದು.

ಎಲ್ಲ ಅಳತೆಗಳಿಗಿಂತ ಮೊದಲು ನೋಡಬೇಕಾದ ಅಳತೆ ಸವಾರನ ಮೈಯದು. ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಹೆಡ್ ಟ್ಯೂಬಿನ ತುದಿಗೆ ಇರುವ ಎತ್ತರವನ್ನು ಸ್ಟ್ಯಾಕ್ ಎಂದೂ, ಅಡ್ಡದೂರವನ್ನು ರೀಚ್ ಎಂದೂ ಕರೆಯುತ್ತಾರೆ. ಸ್ಟ್ಯಾಕನ್ನು ರೀಚಿನಿಂದ ಭಾಗಿಸಿದಾಗ 1.4ರ ಆಸುಪಾಸಿನಲ್ಲಿ ಬಂದರೆ ಅದು ಬೆನ್ನನ್ನು ಬಹಳ ಬಗ್ಗಿಸುವ ಸ್ಪರ್ಧೆಯ ಸೈಕಲ್, 1.5 ದಾಟಿದರೆ ದೂರದ ಪಯಣಕ್ಕೆ ಹೇಳಿಮಾಡಿಸಿದ ಸೈಕಲ್. ವಾರವಿಡೀ ಮೇಜಿನ ಮುಂದೆ ಕುಳಿತ ಬೆನ್ನು ಭಾನುವಾರ ಬೆಳಗ್ಗೆ ವೃತ್ತಿಪರನ ಬೆನ್ನಿನಂತೆ ಬಗ್ಗುವುದಿಲ್ಲ. ಹತ್ತೇ ನಿಮಿಷಕ್ಕೆ ಸೊಂಟ ನೊಂದು ಮೈಯನ್ನು ಮೇಲೆತ್ತಿದವನು, ಫ್ರೇಮ್ ಎಷ್ಟೇ ಪೆಡಸಾಗಿರಲಿ, 20 ವ್ಯಾಟನ್ನು ಗಾಳಿಗೆ ಒಪ್ಪಿಸಿರುತ್ತಾನೆ. ತುಸು ಎತ್ತರದ ಹ್ಯಾಂಡಲಿನ ಮೇಲೆ ಮೊಣಕೈ ಮಡಿಸಿ ಒಂದು ಗಂಟೆ ನಿಶ್ಚಿಂತೆಯಿಂದ ಇರಬಲ್ಲವನು ಅದನ್ನು ಉಳಿಸಿಕೊಂಡಿರುತ್ತಾನೆ. ಗೇರುಗಳ ಆಯ್ಕೆಗೂ ಇದೇ ವಿವೇಕ ಬೇಕು. ಮುಂದೆ 50 ಮತ್ತು 34 ಹಲ್ಲು, ಹಿಂದೆ 11ರಿಂದ 32 ಹಲ್ಲು ಇರುವ ಜೋಡಣೆಯಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗರಿಷ್ಠ ಗೇರಿನಲ್ಲಿ ಗಂಟೆಗೆ 51 ಕಿಲೋಮೀಟರಿಗೂ ಹೆಚ್ಚು ವೇಗ ದೊರೆಯುತ್ತದೆ, ಕನಿಷ್ಠ ಗೇರಿನಲ್ಲಿ 80 ಸುತ್ತು ತುಳಿದರೂ 11ರ ಒಳಗಿನ ವೇಗದಲ್ಲಿ ಬೆಟ್ಟ ಹತ್ತಬಹುದು. ಹವ್ಯಾಸಿ ಗುಂಪಿನ ಅಗತ್ಯ ಇದರೊಳಗೇ ಮುಗಿಯುತ್ತದೆ.

ಉಳಿದದ್ದು ವಸ್ತುವಿನ ಆಯ್ಕೆ. ಅತ್ಯಂತ ಪೆಡಸಾದ, ಅತ್ಯಂತ ಹಗುರವಾದ ಕಾರ್ಬನ್ ಫ್ರೇಮುಗಳಲ್ಲಿ ಬಳಸುವ ಉನ್ನತ ಗುಣಾಂಕದ ಎಳೆಗಳು ಪೆಡಸು ಹೆಚ್ಚಿದಂತೆ ಹೊಡೆತ ತಾಳುವ ಗುಣವನ್ನು ಕಳೆದುಕೊಳ್ಳುತ್ತವೆ. ಗುಂಪು ಸವಾರಿಯಲ್ಲಿ ಬೀಳುವುದು ಅಪರೂಪವೇನಲ್ಲ, ಕಾರ್ಬನ್ನಿನ ಒಳಪದರದ ಬಿರುಕು ಮೇಲಿನ ಬಣ್ಣದಲ್ಲಿ ಕಾಣದೇ ಹೋಗಬಹುದು. ಅಲ್ಯೂಮಿನಿಯಮ್ಮಿನ ಕಥೆಯೂ ಮುಗಿದಿಲ್ಲ: 1998ರಲ್ಲಿ ಮಾರ್ಕೊ ಪಂತಾನಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ, ಇಂದಿನ ಒಳ್ಳೆಯ ಅಲ್ಯೂಮಿನಿಯಂ ಫ್ರೇಮಿಗೆ ಕಾರ್ಬನ್ ಫೋರ್ಕ್ ಕೂಡಿದರೆ ಗುಂಪು ಸವಾರಿಯ ಎಲ್ಲ ಬೇಡಿಕೆಗಳನ್ನೂ ಅದು ಪೂರೈಸುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ಲಿಗೆ ವಿಧಿಸಿರುವ ಕನಿಷ್ಠ ತೂಕ 6.8 ಕಿಲೋ, ಹವ್ಯಾಸಿಯ ಸೈಕಲ್ ಎಂಟೂವರೆ ಕಿಲೋ ತೂಗಿದರೆ ಸಮತಟ್ಟಿನ ಗುಂಪಿನಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಹೀಗೆ ಉಳಿದ ಹಣ ಒಳ್ಳೆಯ ಟೈರಿಗೆ, ಮೈಗೆ ಹೊಂದಿಸುವ ಬೈಕ್ ಫಿಟ್ಟಿಂಗಿಗೆ, ಒಂದು ಹೆಚ್ಚುವರಿ ಡಿರೇಲರ್ ಹ್ಯಾಂಗರಿಗೆ ಸಲ್ಲಬೇಕು. ಗೇರು ಬದಲಿಸುವ ಯಂತ್ರವನ್ನು ಫ್ರೇಮಿಗೆ ತಗುಲಿಸುವ ಈ ಚಿಕ್ಕ ತುಂಡು ಬಿದ್ದಾಗ ಬಾಗಲೆಂದೇ ಮಾಡಿದ್ದು. ಒಂದು ಫ್ರೇಮಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲವಾದ್ದರಿಂದ, ಅದೊಂದು ಇಲ್ಲದೆ ದುಬಾರಿ ಸೈಕಲ್ ವಾರಗಟ್ಟಲೆ ಗೋಡೆಗೊರಗಿ ನಿಲ್ಲಬೇಕಾಗುತ್ತದೆ.

ಕೊಳ್ಳುವ ಮುನ್ನ ಪೆಡಸು ಸಾಕಷ್ಟಿದೆಯೇ ಎಂದು ಅರಿಯಲು ಯಂತ್ರ ಬೇಕಿಲ್ಲ. ಸೈಕಲ್ಲಿನ ಪಕ್ಕ ನಿಂತು, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಸೀಟನ್ನೂ ಹಿಡಿದು, ಕೆಳಗಿಳಿದ ಪೆಡಲನ್ನು ಪಾದದಿಂದ ಅಡ್ಡಕ್ಕೆ ಒತ್ತಿದರೆ ಬಾಟಮ್ ಬ್ರ್ಯಾಕೆಟ್ ಎಷ್ಟು ವಾಲುತ್ತದೆಂದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ವಾಲುವುದು ಎಲ್ಲ ಸೈಕಲ್ಲುಗಳ ಧರ್ಮ, ಅದಕ್ಕೆ ಹೆದರಬೇಕಾಗಿಲ್ಲ. ಅನಂತರ ರಸ್ತೆಯಲ್ಲಿ ಎದ್ದು ನಿಂತು ಬಲವಾಗಿ ತುಳಿದಾಗ ಚೈನು ಗೇರಿನ ಪಂಜರಕ್ಕೆ ಉಜ್ಜದಿದ್ದರೆ, ಡಿಸ್ಕ್ ಬ್ರೇಕಿಗೆ ತಾಗಿ ಸದ್ದಾಗದಿದ್ದರೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ತಿರುಗಿದಾಗ ಕಣ್ಣು ನೋಡಿದ ಕಡೆಗೇ ಚಕ್ರ ಹೋದರೆ, ಒಂದು ಕೈ ಬಿಟ್ಟಾಗಲೂ ರಸ್ತೆಯ ಬಿಳಿಗೆರೆಯ ಮೇಲೆ ನೆಟ್ಟಗೆ ಸಾಗಿದರೆ, ಆ ಫ್ರೇಮ್ ಬೇಕಾದಷ್ಟು ಪೆಡಸಾಗಿದೆ ಎಂದೇ ಅರ್ಥ. ಅದಕ್ಕಿಂತ ಹೆಚ್ಚಿನ ಪೆಡಸಿಗೆ ತೆರುವ ಪ್ರತಿ ರೂಪಾಯಿಯೂ ಸವಾರನಿಗೆ ಮರಳಿ ಬಾರದ ರೂಪಾಯಿ.

ಗುಂಪು ಸವಾರಿ ಮೂಲತಃ ಪರಸ್ಪರ ನಂಬಿಕೆಯ ಕ್ರೀಡೆ. ಮುಂದಿನವನು ನೆಟ್ಟಗೆ ಸಾಗುತ್ತಾನೆ, ತಟ್ಟನೆ ಬ್ರೇಕ್ ಹಾಕುವುದಿಲ್ಲ, ಗುಂಡಿಯನ್ನು ತೋರಿಸುತ್ತಾನೆ ಎಂಬ ಭರವಸೆಯ ಮೇಲೆಯೇ ಹಿಂದಿನವನು ತನ್ನ ಚಕ್ರವನ್ನು ಅಷ್ಟು ಹತ್ತಿರಕ್ಕೆ ತರುತ್ತಾನೆ. ಆ ಹತ್ತಿರದಿಂದ ಅವನಿಗೆ ದೊರೆಯುವ 50 ವ್ಯಾಟಿನ ಉಳಿತಾಯವನ್ನು ಯಾವ ಫ್ರೇಮೂ ಕೊಡಲಾರದು. ಆದ್ದರಿಂದ ಸೈಕಲ್ ಆರಿಸುವವರು ಮೈಗೆ ಹೊಂದುವ ಅಳತೆಯನ್ನು ಮೊದಲು ನೋಡಲಿ, ಅಗಲವಾದ ಒಳ್ಳೆಯ ಟೈರನ್ನು ಎರಡನೆಯದಾಗಿ, ನಂಬಬಹುದಾದ ಬ್ರೇಕು ಮತ್ತು ಶಾಂತ ಸ್ವಭಾವದ ಹ್ಯಾಂಡಲನ್ನು ಮೂರನೆಯದಾಗಿ ನೋಡಲಿ. ಪೆಡಸನ್ನು ಕೊನೆಯಲ್ಲಿ, ಸಾಕಷ್ಟಿದೆಯೇ ಎಂದು ಮಾತ್ರ ನೋಡಲಿ. ಹಿಂದೆ ಬರುವವರು ನಿಶ್ಚಿಂತೆಯಿಂದ ಹಿಂಬಾಲಿಸಬಹುದಾದ ಸೈಕಲ್ಲೇ ಗುಂಪು ಸವಾರಿಗೆ ಒಳ್ಳೆಯ ಸೈಕಲ್.